ಬಾಯಿ ಕ್ಯಾನ್ಸರ್‌ನ ಮುನ್ಸೂಚನೆ: ವರ್ತಕ ಸಮುದಾಯದ ಪಾಲೇನು?

ದಾವಣಗೆರೆ ಜಿಲ್ಲೆಯ ವಾಣಿಜ್ಯ ಜೀವನದಲ್ಲಿ ಅಡಿಕೆಗೆ ಇರುವ ಸ್ಥಾನವನ್ನು ಯಾರೂ ಅಲ್ಲಗಳೆಯಲಾರರು. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಗರದ ಹತ್ತಿ ಗಿರಣಿಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಒದಗಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ 2000ದ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿತು. ಇದೇ ಅವಧಿಯಲ್ಲಿ, 1997ರ ಆಗಸ್ಟ್ 15ರಂದು ರಚನೆಗೊಂಡ ಹೊಸ ಜಿಲ್ಲೆಗೆ ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಬಂದು ಸೇರಿದವು. ಭದ್ರಾ ನಾಲೆಯ ನೀರು ಹರಿದೆಡೆಯಲ್ಲೆಲ್ಲ ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು. ಗಿರಣಿಗಳು ಬಿಟ್ಟುಹೋದ ಜಾಗವನ್ನು ಅಡಿಕೆಯ ಹಣ ಗಣನೀಯ ಪ್ರಮಾಣದಲ್ಲಿ ತುಂಬಿಕೊಟ್ಟಿತು.

ಅದೇ ಅಡಿಕೆಯ ಇನ್ನೊಂದು ಮುಖವನ್ನು ವಾಣಿಜ್ಯ ಪತ್ರಿಕೆಗಳು ಚರ್ಚಿಸುವುದು ವಿರಳ. ಫ್ರಾನ್ಸ್‌ನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ 85ನೆಯ ಸಂಪುಟದಲ್ಲಿ, ತಂಬಾಕಿಲ್ಲದ ಎಲೆ ಅಡಿಕೆ ಮತ್ತು ಅಡಿಕೆ ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಈ ನಿರ್ಣಯವನ್ನು ಇಂದಿಗೂ ಒಪ್ಪಿಲ್ಲ. ತಂಬಾಕು, ಸುಣ್ಣ, ಕೃತಕ ಸುವಾಸನೆಗಳನ್ನು ಬೆರೆಸಿದ ಚೀಟಿಯ ದೋಷವನ್ನು ಅಡಿಕೆಯ ತಲೆಗೆ ಕಟ್ಟಲಾಗಿದೆ ಎಂಬುದು ಅವರ ವಾದ. ವಾದ ಹೇಗೇ ಇರಲಿ, ರೋಗ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿದೆ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ತಗುಲಿತು. ಸುಮಾರು 80 ಸಾವಿರ ಜನ ಅದರಿಂದ ಸತ್ತರು. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತಾದರೂ, ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಜೋಡಿಯಾಗಿ ಮಾರುವ ಪದ್ಧತಿ ಬಂದು ನಿಷೇಧವನ್ನು ಅಂಗೈಯಲ್ಲೇ ಕಲಸಿ ಹಾಕಿತು.

ಈ ರೋಗದ ವೈಚಿತ್ರ್ಯವೆಂದರೆ, ಕಣ್ಣಿಗೆ ಕಾಣುವ ಜಾಗದಲ್ಲಿಯೇ ಇದ್ದರೂ ಇದು ತಡವಾಗಿ ಪತ್ತೆಯಾಗುತ್ತದೆ. ಹೊಟ್ಟೆಯ ಅಥವಾ ಶ್ವಾಸಕೋಶದ ಗೆಡ್ಡೆಯಂತೆ ಇದು ಒಳಗೆ ಅಡಗಿ ಕೂರುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಯಾಗಿ, ವಾಸಿಯಾಗದ ಸಣ್ಣ ಹುಣ್ಣಾಗಿ ತಿಂಗಳುಗಟ್ಟಲೆ ಕಾಣಿಸಿಕೊಂಡಿರುತ್ತದೆ. ಆದರೆ ಆರಂಭದಲ್ಲಿ ನೋವು ಇರುವುದಿಲ್ಲ. ನೋವಿಲ್ಲದ ಹುಣ್ಣಿಗಾಗಿ ಒಂದು ದಿನದ ಕೂಲಿ ಬಿಡುವ ಹಮಾಲಿಯಾಗಲಿ, ಮಂಡಕ್ಕಿ ಭಟ್ಟಿಯ ಕಾರ್ಮಿಕನಾಗಲಿ, ಲಾರಿ ಚಾಲಕನಾಗಲಿ ಇಲ್ಲ. ನೋವು ಬಂದು, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಆತ ಆಸ್ಪತ್ರೆಯ ಮೆಟ್ಟಿಲು ಹತ್ತುವ ವೇಳೆಗೆ ರೋಗ ಬಹುಪಾಲು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿರುತ್ತದೆ. ಆಗ ದವಡೆಯ ಭಾಗವನ್ನೇ ತೆಗೆಯುವ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ 260 ಕಿಲೋಮೀಟರ್‌ಗಳ ಓಡಾಟ, ಮನೆಯವರ ಸಾಲ. ಆರಂಭದಲ್ಲಿಯೇ ತಿಳಿದಿದ್ದರೆ ಸಣ್ಣದೊಂದು ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬಹುದಾಗಿದ್ದ ಪ್ರಕರಣಗಳೇ ಇವುಗಳಲ್ಲಿ ಹೆಚ್ಚು.

ಈ ಹಿನ್ನೆಲೆಯಲ್ಲಿ, ಪ್ರೋಟೀನ್ ಸೂಚಕಗಳ ಕುರಿತಾದ ಸಂಶೋಧನೆ ವರ್ತಕ ಬಾಂಧವರ ಗಮನಕ್ಕೆ ಯೋಗ್ಯವಾಗಿದೆ. ಜೀವಕೋಶವೊಂದು ದಾರಿ ತಪ್ಪಲಾರಂಭಿಸಿದಾಗ ಅದು ತಯಾರಿಸುವ ಪ್ರೋಟೀನ್‌ಗಳ ಬಗೆ ಮತ್ತು ಪ್ರಮಾಣ ಬದಲಾಗುತ್ತದೆ. ಕೆಲವು ಪ್ರೋಟೀನ್‌ಗಳು ಹೆಚ್ಚುತ್ತವೆ, ಕೆಲವು ಇಳಿಯುತ್ತವೆ, ಕೆಲವು ಕೋಶದಿಂದ ಹೊರಬಿದ್ದು ರಕ್ತಕ್ಕೂ ಲಾಲಾರಸಕ್ಕೂ ಸೇರುತ್ತವೆ. ಅಂಗಡಿಯ ಬಾಗಿಲು ಹಾಕಿದ್ದರೂ ಒಳಗಿನ ವ್ಯಾಪಾರ ಹೇಗಿದೆಯೆಂಬುದನ್ನು ಬಂದುಹೋಗುವ ಸರಕಿನಿಂದ ಊಹಿಸಬಹುದಲ್ಲವೇ, ಹಾಗೆ. ಅಂಗಾಂಶದ ಚೂರಿನಿಂದ ಅಥವಾ ಒಂದೆರಡು ಚಮಚ ಜೊಲ್ಲಿನಿಂದ ಈ ಪ್ರೋಟೀನ್‌ಗಳನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ತೂಗಿ, ರೋಗಿಯದನ್ನೂ ಆರೋಗ್ಯವಂತನದನ್ನೂ ಹೋಲಿಸಿ ವ್ಯತ್ಯಾಸವನ್ನು ಗುರುತಿಸುವುದು ಈ ಶಾಸ್ತ್ರದ ಮುಖ್ಯ ಕಾರ್ಯ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾಂಗ್ ಅವರ ತಂಡ 2008ರಲ್ಲಿ ಲಾಲಾರಸದ ಐದು ಪ್ರೋಟೀನ್‌ಗಳ ಗುಂಪೊಂದನ್ನು ಪ್ರಕಟಿಸಿತು. ನೂರು ರೋಗಿಗಳಲ್ಲಿ 90 ಮಂದಿಯನ್ನು ಅದು ಸರಿಯಾಗಿ ಗುರುತಿಸಿತು, ನೂರು ಆರೋಗ್ಯವಂತರಲ್ಲಿ 83 ಮಂದಿಯನ್ನು ಸರಿಯಾಗಿ ಬಿಟ್ಟುಕೊಟ್ಟಿತು. ಎಲೆ ಅಡಿಕೆಯ ಚಟ ವ್ಯಾಪಕವಾಗಿರುವ ತೈವಾನ್‌ನ ವಿಜ್ಞಾನಿಗಳು 2016ರಲ್ಲಿ ನಾಲ್ಕು ಪ್ರೋಟೀನ್‌ಗಳ ಮತ್ತೊಂದು ಗುಂಪನ್ನು ಮುಂದಿಟ್ಟರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಟೊರಾಂಟೊ ನಗರದ ನಡುವೆ ನಡೆದ ರಂಜು ರಲ್ಹನ್ ಮತ್ತು ಸಂಗಡಿಗರ ದೀರ್ಘ ಅಧ್ಯಯನ, ಅಂಗಾಂಶದಲ್ಲಿರುವ ಎಸ್‌100ಎ7 ಎಂಬ ಪ್ರೋಟೀನ್ ಹೆಚ್ಚಿದ್ದರೆ ಮಚ್ಚೆಯು ಕ್ಯಾನ್ಸರ್ ಆಗುವ ಸಂಭವವೂ ಹೆಚ್ಚು ಎಂದು ತೋರಿಸಿತು. ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿಲ್ಲ. 2002ರಲ್ಲಿ ಅಖಿಲೇಶ್ ಪಾಂಡೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್‌ಫರ್ಮ್ಯಾಟಿಕ್ಸ್, 2014ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆಗೂಡಿ ಮಾನವ ಪ್ರೋಟೀನ್‌ಗಳ ಕರಡು ನಕ್ಷೆಯನ್ನೇ ಸಿದ್ಧಪಡಿಸಿ ಜಗತ್ತಿನ ಗಮನ ಸೆಳೆಯಿತು. ಅಗಿಯುವ ತಂಬಾಕು ಬಾಯಿಯ ಜೀವಕೋಶಗಳ ಪ್ರೋಟೀನ್‌ಗಳನ್ನು ಹೇಗೆ ಬದಲಿಸುತ್ತದೆಂಬ ಅಧ್ಯಯನಗಳೂ ಅಲ್ಲಿಂದ ಬಂದಿವೆ.

ಇಷ್ಟೆಲ್ಲ ಆಗಿದ್ದರೂ ಜಿಲ್ಲಾ ಆಸ್ಪತ್ರೆಯ ಕಿಟಕಿಯಲ್ಲಿ ಜೊಲ್ಲು ಕೊಟ್ಟು ಫಲಿತಾಂಶ ಪಡೆಯುವ ದಿನ ಏಕೆ ಬಂದಿಲ್ಲ? ಲೆಕ್ಕ ಬಲ್ಲ ವರ್ತಕರಿಗೆ ಇದು ಸುಲಭವಾಗಿ ಅರ್ಥವಾಗುವಂಥದು. ಹರಿಹರ ಮತ್ತು ದಾವಣಗೆರೆಯ ಹತ್ತು ಸಾವಿರ ದುಡಿಯುವ ಜನರನ್ನು ಮೇಲಿನ ಐದು ಪ್ರೋಟೀನ್‌ಗಳ ಪರೀಕ್ಷೆಗೆ ಒಳಪಡಿಸಲಾಯಿತು ಎಂದಿಟ್ಟುಕೊಳ್ಳೋಣ. ಅವರಲ್ಲಿ 20 ಮಂದಿಗೆ ನಿಜವಾಗಿ ಕ್ಯಾನ್ಸರ್ ಇದೆಯೆಂದೂ ಭಾವಿಸೋಣ. ಪರೀಕ್ಷೆ 18 ಮಂದಿಯನ್ನು ಹಿಡಿಯುತ್ತದೆ, ಇಬ್ಬರನ್ನು ಬಿಡುತ್ತದೆ. ಇದು ಶ್ಲಾಘನೀಯ. ಆದರೆ ರೋಗವಿಲ್ಲದ 9,980 ಮಂದಿಯಲ್ಲಿ ನೂರಕ್ಕೆ 17ರಂತೆ ಸುಮಾರು 1,697 ಮಂದಿಗೆ ಸಂಶಯದ ಚೀಟಿ ಬರುತ್ತದೆ. ಒಟ್ಟು 1,715 ಮಂದಿಯನ್ನು ಕರೆದು ಹೆದರಿಸಿ ತಜ್ಞರ ಬಳಿಗೆ ಕಳುಹಿಸಿದರೆ ರೋಗ ಇರುವುದು ಸುಮಾರು 95 ಜನರಲ್ಲಿ ಒಬ್ಬರಿಗೆ! ವಸಡಿನ ಉರಿಯೂತವಿದ್ದರೂ ಇಂಥ ಹಲವು ಪ್ರೋಟೀನ್‌ಗಳು ಏರುತ್ತವೆ ಎಂಬುದನ್ನು ಸೇರಿಸಿದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಕಾರ್ಮಿಕ ವರ್ಗದಲ್ಲಿ ವಸಡು ಗಟ್ಟಿಯಾಗಿರುವವರು ಎಷ್ಟು ಮಂದಿ ಎಂಬುದನ್ನು ಊರಿನ ದಂತವೈದ್ಯರು ಚೆನ್ನಾಗಿ ಬಲ್ಲರು.

ಇದೇ ಪರೀಕ್ಷೆಯನ್ನು ಈಗಾಗಲೇ ಮಚ್ಚೆ ಅಥವಾ ಹುಣ್ಣು ಇರುವ 300 ಜನರಿಗೆ ಮಾತ್ರ ಮಾಡಿದರೆ ಚಿತ್ರ ಬೇರೆಯಾಗುತ್ತದೆ. ಅವರಲ್ಲಿ ಅದೇ 20 ರೋಗಿಗಳಿದ್ದರೆ 18 ಮಂದಿ ಸಿಗುತ್ತಾರೆ, ತಪ್ಪಾಗಿ ಕರೆಸಿಕೊಳ್ಳುವವರು ಸುಮಾರು 48 ಮಂದಿ ಮಾತ್ರ. ಮಚ್ಚೆ ಇರುವವರಲ್ಲಿಯೂ ಪರೀಕ್ಷೆಯ ನಿಖರತೆ ಅಷ್ಟೇ ಉಳಿಯುತ್ತದೆಂಬ ಖಾತರಿ ಇಲ್ಲವಾದರೂ, ಸೂಚಕ ಪ್ರೋಟೀನ್‌ಗಳ ನಿಜವಾದ ಉಪಯೋಗ ಎಲ್ಲಿದೆ ಎಂಬುದು ಇದರಿಂದ ಸ್ಪಷ್ಟ. ಊರಿಗೆ ಊರನ್ನೇ ಜರಡಿ ಹಿಡಿಯುವುದು ಅವುಗಳ ಕೆಲಸವಲ್ಲ. ಕಣ್ಣಿಗೆ ಕಂಡ ಮಚ್ಚೆಗಳಲ್ಲಿ ಯಾವುದು ನಾಳೆ ಕೆಡುಕಾಗಲಿದೆ, ಯಾವುದು ಹಾಗೆಯೇ ಉಳಿಯಲಿದೆ ಎಂದು ಬೇರ್ಪಡಿಸುವುದು ಅವುಗಳ ಕೆಲಸ.

ಅಡಿಕೆ ನಾಡಿಗೆ ಈ ಪ್ರಶ್ನೆ ವಿಶೇಷವಾಗಿ ಅನ್ವಯಿಸುತ್ತದೆ. ಅಡಿಕೆ ಅಗಿಯುವವರಲ್ಲಿ ಕಾಣುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಸ್ಥಿತಿಯಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ನಾರಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಅದರಲ್ಲಿರುವ ತಾಮ್ರದ ಅಂಶ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಚುರುಕುಗೊಳಿಸಿ, ಉತ್ಪಾದನೆಯಾದ ನಾರನ್ನು ಹೆಣೆದು ಗಟ್ಟಿಮಾಡುತ್ತದೆ. ಮೊದಲ ಲಕ್ಷಣ ಬಾಯಿ ಉರಿ. ದಾವಣಗೆರೆಯವರಿಗೆ ಇದನ್ನು ತಿಳಿಸಲು ಪಾಠದ ಅಗತ್ಯವಿಲ್ಲ: ನಿನ್ನೆಯವರೆಗೆ ಸಲೀಸಾಗಿ ತಿನ್ನುತ್ತಿದ್ದ ಖಾರ ಮಂಡಕ್ಕಿ, ಮಿರ್ಚಿ ಇಂದು ಬಾಯಿಗಿಡಲಾರದಷ್ಟು ಉರಿಯುತ್ತವೆಯೆಂದರೆ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳುವುದು ಒಳ್ಳೆಯದು. ಅನಂತರ ಬಾಯಿ ತೆರೆಯುವುದೇ ಕಡಿಮೆಯಾಗುತ್ತ ಬಂದು, ಮೂರು ಬೆರಳು ಹೋಗುವ ಜಾಗದಲ್ಲಿ ಒಂದು ಬೆರಳೂ ಹೋಗದಂತಾಗುತ್ತದೆ.

ಇಂಥವರಲ್ಲಿ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 66 ಮಂದಿಯನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿ 1985ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ ಐವರಿಗೆ, ಅಂದರೆ ನೂರಕ್ಕೆ 7.6ರಷ್ಟು ಮಂದಿಗೆ ಕ್ಯಾನ್ಸರ್ ಬಂದಿತ್ತು. ಆ ಐವರು ಯಾರೆಂದು ಮೊದಲೇ ಹೇಳಬಲ್ಲ ಪ್ರೋಟೀನ್ ಯಾವುದು? ಇಡೀ ಸಂಶೋಧನೆಯ ತಿರುಳು ಈ ಒಂದು ಪ್ರಶ್ನೆಯಲ್ಲಿದೆ. ಉತ್ತರಕ್ಕಾಗಿ ಎರ್ನಾಕುಲಂನಂತೆ 66 ಜನರಲ್ಲ, ಸಾವಿರಾರು ಜನರನ್ನು, ಒಂದೆರಡು ವರ್ಷವಲ್ಲ, ಹತ್ತು ಹದಿನೈದು ವರ್ಷ ಹಿಂಬಾಲಿಸಬೇಕು. ಮೊದಲ ದಿನ ತೆಗೆದ ಜೊಲ್ಲು ಮತ್ತು ಅಂಗಾಂಶವನ್ನು ಕೆಡದಂತೆ ಇಟ್ಟು, ವರ್ಷಗಳ ನಂತರ ಯಾರಿಗೆ ಏನಾಯಿತೆಂದು ತಿಳಿದ ಮೇಲೆ ಹಿಂದಿರುಗಿ ಅದನ್ನು ಪರೀಕ್ಷಿಸಬೇಕು. ಕ್ಯಾನ್ಸರ್ ಬಂದ ಮೇಲೆ ತೆಗೆದ ಮಾದರಿಗಳನ್ನು ಆರೋಗ್ಯವಂತರ ಮಾದರಿಗಳೊಡನೆ ಹೋಲಿಸಿ ಪ್ರಕಟವಾಗುವ ಪ್ರಬಂಧಗಳಿಗೆ ಬರವಿಲ್ಲ. ಸ್ನಾತಕೋತ್ತರ ಪದವಿಯ ಎರಡು ಮೂರು ವರ್ಷಗಳಲ್ಲಿ ಅವು ಮುಗಿಯುತ್ತವೆ, ವಿದ್ಯಾರ್ಥಿ ಊರು ಬಿಡುತ್ತಾನೆ, ರೋಗಿಯ ವಿಳಾಸ ಕಡತದಲ್ಲಿ ಉಳಿಯುತ್ತದೆ.

ದಾವಣಗೆರೆಗೆ ಇಲ್ಲಿ ದೊರೆತಿರುವ ಅನುಕೂಲ ರಾಜ್ಯದ ಹೆಚ್ಚಿನ ಊರುಗಳಿಗಿಲ್ಲ. 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಿಂದ ಬಾಪೂಜಿ ದಂತ ವೈದ್ಯಕೀಯ ಕಾಲೇಜು, 1991ರಿಂದ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಮುಂದೆ ಎಸ್.ಎಸ್. ವೈದ್ಯಕೀಯ ಸಂಸ್ಥೆ, 2009ರಿಂದ ದಾವಣಗೆರೆ ವಿಶ್ವವಿದ್ಯಾಲಯ. ಬಾಯಿಯೊಳಗೆ ನೋಡಲು ಕಲಿತ ಇಷ್ಟು ಮಂದಿ ವೈದ್ಯರು ಮತ್ತು ವಿದ್ಯಾರ್ಥಿಗಳು ಇಷ್ಟು ಸಣ್ಣ ಸುತ್ತಳತೆಯಲ್ಲಿ ಸಿಗುವುದು ಅಪರೂಪ. ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ ಕಾರ್ಖಾನೆ ಕೆಲಸದ ಮೂರು ತಲೆಮಾರುಗಳಿವೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಗೆ ಇಂದಿಗೂ ಹರಿಹರದಿಂದ ಕಾರ್ಮಿಕರು ಹೋಗಿಬರುತ್ತಾರೆ. ಕಾರ್ಖಾನೆಯ ಹಾಜರಿ ಪುಸ್ತಕ, ಕಾರ್ಮಿಕ ರಾಜ್ಯ ವಿಮೆಯ ಸಂಖ್ಯೆ, ಮಾರುಕಟ್ಟೆಯ ಹಮಾಲರ ಪಟ್ಟಿ ಇವೆಲ್ಲ ಒಬ್ಬ ಮನುಷ್ಯನನ್ನು ಹತ್ತು ವರ್ಷಗಳ ನಂತರವೂ ಹುಡುಕಿಕೊಡಬಲ್ಲ ದಾಖಲೆಗಳು. ವಿಜ್ಞಾನಿಗಳ ಬಳಿ ಯಂತ್ರವಿದೆ, ಈ ಪಟ್ಟಿಗಳಿಲ್ಲ. ಪಟ್ಟಿಗಳಿರುವುದು ವರ್ತಕರ ಮತ್ತು ಉದ್ಯಮಿಗಳ ಬಳಿ.

ಆದ್ದರಿಂದ ಕೋಟ್ಯಂತರ ಬೆಲೆಯ ಮಾಸ್ ಸ್ಪೆಕ್ಟ್ರೋಮೀಟರನ್ನು ದಾವಣಗೆರೆಗೆ ತರಿಸಿ ಕಲ್ಲಿನ ಮೇಲೆ ದಾನಿಗಳ ಹೆಸರು ಕೆತ್ತಿಸುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡುವುದು ಲೇಸು. ಯಂತ್ರ ಬೆಂಗಳೂರಿನಲ್ಲಿದೆ, ಮಾದರಿಯನ್ನು ಅಲ್ಲಿಗೆ ಕಳುಹಿಸಬಹುದು. ಬೇಕಾಗಿರುವುದು ಯಾರ ಕಣ್ಣಿಗೂ ಬೀಳದ ವಸ್ತುಗಳು: ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಮಾದರಿಗಳನ್ನು ಇಡುವ ಎರಡು ಪೆಟ್ಟಿಗೆಗಳು, ವಿದ್ಯುತ್ ಹೋದಾಗ ತಡಮಾಡದೆ ಚಾಲೂ ಆಗುವ ಜನರೇಟರ್, ಜೊಲ್ಲು ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಸಾಗಿಸುವ ವ್ಯವಸ್ಥೆ, ವರ್ಷಕ್ಕೊಮ್ಮೆ ಪ್ರತಿಯೊಬ್ಬನ ಮನೆಗೂ ಹೋಗಿ ಬಾಯಿ ನೋಡಿ ಬರೆದುಕೊಳ್ಳುವ ನಾಲ್ಕಾರು ಮಂದಿ ಆರೋಗ್ಯ ಕಾರ್ಯಕರ್ತರ ಸಂಬಳ. ಜೊಲ್ಲಿನಲ್ಲಿರುವ ಕಿಣ್ವಗಳೇ ಜೊಲ್ಲಿನ ಪ್ರೋಟೀನ್‌ಗಳನ್ನು ಮುರಿದುಹಾಕುತ್ತವೆ. ಬೇಸಿಗೆಯ ಮಧ್ಯಾಹ್ನ ಒಂದು ರಾತ್ರಿಯಷ್ಟು ಕಾಲ ವಿದ್ಯುತ್ ಕೈಕೊಟ್ಟು ಪೆಟ್ಟಿಗೆ ಬೆಚ್ಚಗಾದರೆ ಹತ್ತು ವರ್ಷಗಳ ಶ್ರಮ ನೀರುಪಾಲು. ಶೈತ್ಯಾಗಾರ ನಡೆಸಿ ಅನುಭವವಿರುವ ಉದ್ಯಮಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹಣದ ಮೂಲ ಯಾವುದು? 2013ರ ಕಂಪನಿ ಕಾಯಿದೆಯಂತೆ ನಿಗದಿತ ಲಾಭ ಅಥವಾ ವಹಿವಾಟು ದಾಟಿದ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಆರೋಗ್ಯ ಸೇವೆಯೂ ಸಾರ್ವಜನಿಕ ವಿಶ್ವವಿದ್ಯಾಲಯಗಳ ವೈದ್ಯಕೀಯ ಸಂಶೋಧನೆಗೆ ಕೊಡುವ ದೇಣಿಗೆಯೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಜಿಲ್ಲೆಯ ಬಹುತೇಕ ಪೇಟೆ ಅಂಗಡಿಗಳು ಮತ್ತು ದಲಾಲಿ ಮಳಿಗೆಗಳು ಆ ಮಿತಿಯೊಳಗೆ ಬರುವುದೇ ಇಲ್ಲ. ಹೀಗಾಗಿ ಕಾನೂನಿನ ಒತ್ತಾಯಕ್ಕೆ ಕಾಯದೆ, ಅಡಿಕೆ ವಹಿವಾಟಿನಲ್ಲಿರುವವರು ಸ್ವಯಂಪ್ರೇರಿತರಾಗಿ ಮೂಟೆಗೆ ಇಷ್ಟೆಂದು ಅಲ್ಪ ಮೊತ್ತವನ್ನು ತೆಗೆದಿಡುವ ಮಾರ್ಗವೇ ಹೆಚ್ಚು ಕಾರ್ಯಸಾಧ್ಯ. ದೇವಸ್ಥಾನಕ್ಕೆ, ಶಾಲೆಗೆ, ಧರ್ಮಛತ್ರಕ್ಕೆ ಈ ಬಗೆಯಲ್ಲಿ ಹಣ ಕೂಡಿಸುವುದು ಪೇಟೆಗೆ ಹೊಸದಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅಡಿಕೆ ವ್ಯಾಪಾರಿಯೇ ಬಾಯಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೊಟ್ಟರೆ ಅಡಿಕೆಯೇ ದೋಷಿ ಎಂದು ತಾನಾಗಿಯೇ ಒಪ್ಪಿದಂತಾಗುವುದಿಲ್ಲವೇ? ಆಗುವುದಿಲ್ಲ. ಅಡಿಕೆ ನಿರಪರಾಧಿ, ದೋಷವೆಲ್ಲ ಬೆರಕೆಯದು ಎಂಬ ವಾದವನ್ನು ಸಿದ್ಧಪಡಿಸಲಾದರೂ ಯಾರು ಏನು ಅಗಿದರು, ಎಷ್ಟು ವರ್ಷ ಅಗಿದರು, ಅವರ ಬಾಯಲ್ಲಿ ಏನಾಯಿತು ಎಂಬ ದೀರ್ಘಕಾಲದ ದಾಖಲೆ ಬೇಕೇ ಬೇಕು. ಬರೀ ಅಡಿಕೆ ಹಾಕುವವನನ್ನೂ ತಂಬಾಕು ಬೆರೆಸುವವನನ್ನೂ ಬೇರೆ ಬೇರೆಯಾಗಿ ಹತ್ತು ವರ್ಷ ನೋಡಿದ ಪಟ್ಟಿಗಿಂತ ಗಟ್ಟಿಯಾದ ಸಾಕ್ಷ್ಯ ಬೆಳೆಗಾರರಿಗೂ ಸಿಗಲಾರದು. ಫಲಿತಾಂಶ ತಮ್ಮ ವಿರುದ್ಧ ಬರಬಹುದೆಂಬ ಭಯದಿಂದ ತಕ್ಕಡಿಯನ್ನೇ ಬಚ್ಚಿಡುವುದು ಒಳ್ಳೆಯ ವ್ಯಾಪಾರಿಯ ಲಕ್ಷಣವಲ್ಲ. ಹಣ ಕೊಟ್ಟವರಿಗೆ ಫಲಿತಾಂಶದ ಮೇಲೆ ಯಾವ ಹಿಡಿತವೂ ಇರಬಾರದು ಎಂಬುದನ್ನು ಮಾತ್ರ ಮೊದಲ ದಿನವೇ ಬರಹದಲ್ಲಿ ಒಪ್ಪಿಕೊಳ್ಳತಕ್ಕದ್ದು.

ಕಾರ್ಮಿಕನ ಭಯವನ್ನು ಇದಕ್ಕಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕು. ಮಾಲೀಕನ ಮೂಲಕ ಬಾಯಿ ತಪಾಸಣೆಯಾದರೆ, ಮಚ್ಚೆ ಇದೆಯೆಂಬ ಸುದ್ದಿ ಮಾಲೀಕನಿಗೆ ತಲುಪಿ ಮಾರನೆಯ ದಿನದಿಂದ ಕೆಲಸವಿಲ್ಲವೆಂದಾಗಬಹುದು ಎಂಬ ಶಂಕೆ ನಿರಾಧಾರವಲ್ಲ. ತಪಾಸಣೆಯ ಫಲಿತಾಂಶ ವೈದ್ಯ ಮತ್ತು ಕಾರ್ಮಿಕನ ನಡುವೆಯೇ ಉಳಿಯಬೇಕು. ಮಾಲೀಕನ ಪಾತ್ರ ಹೆಸರುಗಳ ಪಟ್ಟಿ ಒದಗಿಸುವುದು, ತಪಾಸಣೆಯ ದಿನದ ಸಂಬಳ ಕಡಿಯದಿರುವುದು, ಇಷ್ಟಕ್ಕೇ ಸೀಮಿತವಾಗಬೇಕು. ಜೊಲ್ಲು ಕೊಡುವವನಿಗೆ ಅದು ಎಲ್ಲಿಗೆ ಹೋಗುತ್ತದೆ, ಏತಕ್ಕೆ ಬಳಕೆಯಾಗುತ್ತದೆ ಎಂಬುದನ್ನು ಕನ್ನಡದಲ್ಲಿ, ಉರ್ದು ಮಾತನಾಡುವವರಿಗೆ ಉರ್ದುವಿನಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಒಲ್ಲೆನೆಂದವನನ್ನು ಬಿಟ್ಟುಬಿಡಬೇಕು.

ಪ್ರೋಟೀನ್‌ಗಳ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕೆಂದೇನೂ ಇಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭಿಸಿದ ಬೃಹತ್ ಪ್ರಯೋಗವೊಂದರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕಿನಲ್ಲಿ ಬಾಯಿ ನೋಡುವುದನ್ನಷ್ಟೇ ಮಾಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಇದರಿಂದ ಶೇಕಡಾ 34ರಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಬೆಂಗಳೂರಿನ ದಂತವೈದ್ಯರು ಮತ್ತು ಕ್ಯಾನ್ಸರ್ ತಜ್ಞರು ಮೊಬೈಲ್ ದೂರವಾಣಿಯಲ್ಲಿ ಬಾಯಿಯ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುವ ವಿಧಾನವನ್ನು 3,440 ಜನರ ಮೇಲೆ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಬಾಯಿ ಕ್ಯಾನ್ಸರ್‌ಗಾಗಿ ಎಂದಾದರೂ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಸುಮಾರು ಒಬ್ಬರು ಮಾತ್ರವೆಂದು ತಿಳಿದುಬಂದಿತು.

ಔಷಧ ವಿತರಣೆಯಲ್ಲಿರುವ ಸದಸ್ಯರಿಗೆ ಒಂದು ಮಾತು. ಜೊಲ್ಲಿನಿಂದ ಕ್ಯಾನ್ಸರ್ ಪತ್ತೆ ಎಂಬ ಹೆಸರಿನ ಪೆಟ್ಟಿಗೆಗಳು ಮಾರಾಟಕ್ಕೆ ಬಂದಾಗ ಸಿಬ್ಬಂದಿಗಾಗಿ ಸಗಟು ಖರೀದಿ ಮಾಡುವ ಉತ್ಸಾಹ ಬೇಡ. ಮಾರುಕಟ್ಟೆಯಲ್ಲಿದ್ದ ಇಂಥ ಲಾಲಾರಸ ಪರೀಕ್ಷೆಗಳನ್ನು ಮಚ್ಚೆಗಳ ಮೌಲ್ಯಮಾಪನಕ್ಕೆ ಶಿಫಾರಸು ಮಾಡಲಾಗದೆಂದು ಅಮೆರಿಕದ ದಂತವೈದ್ಯರ ಸಂಘವು 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಸಂಶಯವಿರುವ ಹುಣ್ಣಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪದ್ಧತಿಗೆ ಬದಲಿ ಇಲ್ಲ.

ಕೆಲಸ ಎಲ್ಲಿಂದ ಆರಂಭವಾಗಬಹುದೆಂದರೆ, ದಾವಣಗೆರೆ ಮಾರುಕಟ್ಟೆ ಪ್ರಾಂಗಣದ ಹಮಾಲರಿಂದ ಮತ್ತು ಹರಿಹರದ ಒಂದೆರಡು ಕಾರ್ಖಾನೆಗಳಿಂದ. ಎರಡೂ ಕಡೆ ಹೆಸರಿನ ಪಟ್ಟಿ ಸಿದ್ಧವಿದೆ. ವಾರದ ರಜೆಯ ದಿನ ದಂತ ಕಾಲೇಜಿನ ನಾಲ್ವರು, ಒಂದು ಬ್ಯಾಟರಿ ದೀಪ, ಬಾಯಿ ತೆರೆಯುವ ಅಳತೆಯನ್ನು ಮಿಲಿಮೀಟರಿನಲ್ಲಿ ಗುರುತಿಸುವ ಒಂದು ಅಳತೆಪಟ್ಟಿ, ಒಂದು ದಪ್ಪ ಪುಸ್ತಕ ಇದ್ದರೆ ಮೊದಲ ವರ್ಷದ ಸಾಲು ಬರೆಯಬಹುದು. ಶೈತ್ಯದ ಪೆಟ್ಟಿಗೆ ಎರಡನೆಯ ವರ್ಷಕ್ಕೆ ಬಂದರೂ ನಡೆದೀತು. ಅದರ ಕೀಲಿಕೈ ವಿಶ್ವವಿದ್ಯಾಲಯದ ಬಳಿ ಇರಲಿ, ವಿದ್ಯುತ್ ಬಿಲ್ಲು ಪೇಟೆಯ ಹೆಸರಿನಲ್ಲಿ ಬರಲಿ.